ಎಡಗಡೆಯ ಕೊಕ್ಕೆ

ಶಿಡ್ಲಘಟ್ಟದ ಗುಜರಿಯಲ್ಲಿ, ಮುರಿದ ರೇಷ್ಮೆ ಚರಕಗಳ ಅಡಿಯಿಂದ
ಕುರಿಕೊಂಬಿನ ಹ್ಯಾಂಡಲೊಂದು ಇಣುಕಿತ್ತು.
ಜಬೀವುಲ್ಲಾ ತೂಗಿ ಕೊಟ್ಟ: ಹನ್ನೊಂದು ಕಿಲೋ ಮುನ್ನೂರು ಗ್ರಾಂ.
"ಕಬ್ಬಿಣದ ರೇಟೇ, ಮೇಷ್ಟ್ರೆ. ಚಕ್ರ ಇದೆ ಅಂತ ಜಾಸ್ತಿ ಕೇಳಲ್ಲ."

ಉಗುರಿನಿಂದ ತಟ್ಟಿದೆ.
ಹಾಲಿನವರ ಸೈಕಲ್ಲಿನ ಹಾಗೆ ದೊಪ್ಪೆನ್ನಲಿಲ್ಲ.
ತೆಳು ಕೊಳವೆ; ಕಂಚಿನ ಬಟ್ಟಲಿನ ಅಂಚಿನಂತೆ
ಸದ್ದನ್ನು ಕೊಂಚ ಹೊತ್ತು ತನ್ನಲ್ಲೇ ಇಟ್ಟುಕೊಂಡಿತು.

ರೇಸಿಗೆಂದು ಹುಟ್ಟಿದ ಬಂಡಿ.
ಇದರ ಹಿಂದಿನ ಕವಲಿಗೆ ಯಾರೋ ಹಾಲಿನ ಕ್ಯಾನಿಗೆಂದು
ಎರಡು ಕೊಕ್ಕೆ ಬೆಸೆದಿದ್ದರು, ಆಚೆ ಒಂದು, ಈಚೆ ಒಂದು.
ಒರಟು ಬೆಸುಗೆ, ಆರಿದ ಬೆಲ್ಲದ ಪಾಕದಂತೆ ಗಂಟುಗಂಟು.

ಭಾನುವಾರ ಉಪ್ಪುಕಾಗದ ಹಿಡಿದು ಕೂತೆ.
ಮೇಲೆ ಬಸ್ಸಿನ ಕೆಂಪು. ಅದರ ಕೆಳಗೆ ಗೇಟಿಗೆ ಬಳಿದು ಮಿಕ್ಕ ಹಸಿರು.
ಅದರ ಕೆಳಗೆ ಬೆಳ್ಳಿ, ಬ್ರಷ್ಷಿನ ಕೂದಲೊಂದು ಅದರಲ್ಲೇ ಸಿಕ್ಕಿ ಒಣಗಿ.
ಎಲ್ಲಕ್ಕೂ ಅಡಿಯಲ್ಲಿ, ತೆಳ್ಳಗೆ, ಒಂದು ನೇರಳೆ,
ಮಳ್ಳೂರಿನ ದ್ರಾಕ್ಷಿಯ ಬೂದಿ ಒರೆಸಿದಾಗ ಕಾಣುವಂಥದ್ದು.
ನೇರಳೆಯ ಮೇಲೆ ಬಂಗಾರದ ಗೆರೆ, ಕೈಯಲ್ಲೇ ಎಳೆದದ್ದು,
ಕೊನೆಗೆ ಬರುವಾಗ ಸ್ವಲ್ಪ ನಡುಗಿದೆ.

ಅಲ್ಲಿಂದ ನಿದ್ದೆ ಇಲ್ಲ.
ಎಲ್ಲಿಯವರೆಗೆ ಹಿಂದಕ್ಕೆ ಹೋಗುವುದು?
ಕಾರ್ಖಾನೆಯ ಬಾಗಿಲಿಗೋ?
ಮೊದಲ ಸವಾರ ಮೊದಲ ಸಲ ಬಿದ್ದ ದಿನಕ್ಕೋ?
ನೇರಳೆ ಬೆರೆಸಿ, ಗೆರೆ ಎಳೆದರೆ
ಆ ನಡುಕವನ್ನೂ ಎಳೆಯಬೇಕೆ?
ನಾನು ಡ್ರಾಯಿಂಗ್ ಮೇಷ್ಟ್ರು. ಎಳೆಯಬಲ್ಲೆ. ಅದೇ ಭಯ.

ಕಾರ್ಬನ್ ಸೈಕಲ್ಲಿನಲ್ಲಿ ನಂದಿ ಹತ್ತುವ ಹುಡುಗನೊಬ್ಬ ಹೇಳಿದ:
"ಫ್ಯಾಕ್ಟರಿಯಿಂದ ಬಂದ ಹಾಗೇ ಮಾಡ್ಸಿ ಅಂಕಲ್, ಬೆಲೆ ಬರುತ್ತೆ."
ಸೈಕಲ್ ಶಾಪಿನ ಪ್ಯಾರೇಜಾನ್‌ಗೆ ಇದೆಲ್ಲ ತಲೆಹರಟೆ.
"ಮೊದ್ಲು ಬ್ರೇಕ್ ಹಾಕ್ಸಿ. ರಬ್ಬರ್ ಕಲ್ಲಾಗಿದೆ.
ಹಳೇದು ಹಳೇದು ಅಂತ ನಂದಿ ಇಳಿಜಾರಲ್ಲಿ
ನೀವೂ ಹಳೇದಾಗ್ಬಿಡ್ತೀರ."

ಬ್ರೇಕು, ತಂತಿ, ಟೈರು, ಚೈನು ಹೊಸದು. ಅಲ್ಲಿ ವಾದವಿಲ್ಲ.
ಸೀಟಿನ ಚರ್ಮ ಬಿರಿದಿತ್ತು; ಹರಳೆಣ್ಣೆ ಕುಡಿಸಿ ಬಿಟ್ಟೆ.
ಮೇಲಿನ ಕೊಳವೆಯ ನಗ್ಗು ಹಾಗೇ ಇರಲಿ,
ಉಬ್ಬಿಸಲು ಹೋದರೆ ಸೀಳೀತು. ಸೀಳದಿದ್ದರೂ,
ಆ ಸಂಜೆ ಯಾರದೋ ಮಂಡಿ ತರಚಿರಬೇಕಲ್ಲ.

ಉಳಿದದ್ದು ಕೊಕ್ಕೆ.

ಬಲಗಡೆಯದನ್ನು ಕೊಯ್ದೆ. ಇಪ್ಪತ್ತು ನಿಮಿಷ ಹ್ಯಾಕ್ಸಾ.
ಟಣ್ಣೆಂದು ಬಿತ್ತು. ಎತ್ತಿ ನೋಡಿದರೆ ಒಳಬಾಗಿನಲ್ಲಿ
ಕ್ಯಾನಿನ ಹಿಡಿ ಉಜ್ಜಿ ಉಜ್ಜಿ
ಕನ್ನಡಿಯಾಗಿತ್ತು.
ಎಷ್ಟು ಬೆಳಗಿನ ನಾಲ್ಕೂವರೆಗಳೋ!
ರೇಸಿನವನು ಎರಡು ವರ್ಷ ತುಳಿದಿರಬಹುದು,
ಹಾಲಿನವನು ಇಪ್ಪತ್ತು.
ಯಾವುದು ಇದರ ಅಸಲು ರೂಪ?
ಹ್ಯಾಕ್ಸಾ ಕೆಳಗಿಟ್ಟೆ. ಎಡಗಡೆಯದು ಉಳಿಯಿತು.
ಒಂಥರಾ ಹೆಮ್ಮೆಯೂ ಆಯಿತು, ಸುಳ್ಳು ಯಾಕೆ.

ಮೊನ್ನೆ ದಿಬ್ಬೂರಹಳ್ಳಿ ರಸ್ತೆಯ ಟೀ ಅಂಗಡಿಗೆ ಒರಗಿಸಿದ್ದೆ.
ಲೋಟ ಹಿಡಿದೇ ಮುದುಕರೊಬ್ಬರು ಎದ್ದು ಬಂದು
ನನ್ನ ಮುಖ ನೋಡದೆ ಬೆಸುಗೆಯನ್ನು ಸವರಿದರು.
"ಇದು ನಂದು" ಅಂದರು. ಆಮೇಲೆ, "ನಂದಾಗಿತ್ತು."
ಹೆಸರು ಪಿಳ್ಳಮುನಿಶಾಮಪ್ಪ. ಊರು ಆನೂರು.
ನಾನು ಗುರುತು, ಗೌರವ, ಚರಿತ್ರೆ ಎಂದು ಶುರು ಮಾಡಿದೆ;
ಅವರು ಪಂಚೆ ಸರಿಸಿ ಎಡ ಹಿಮ್ಮಡಿಯ ಮೇಲಿನ
ಉದ್ದನೆಯ ಬಿಳಿ ಗೆರೆ ತೋರಿಸಿದರು.
"ಈ ಬೇವರ್ಸಿ ಕೊಕ್ಕೆ! ದಿನಾ ತುಳಿಯೋವಾಗ ಗೀರೋದು.
ಒಂದು ಕಿತ್ತೋರು ಇನ್ನೊಂದ್ಯಾಕೆ ಬಿಟ್ರಿ ಸಾಮಿ?"

ಹತ್ತಿ ನೋಡಿ ಅಂದೆ. ಹತ್ತಲಿಲ್ಲ.
ಬೆಲ್ಲು ಒತ್ತಿದರು. ಅದು ಮೂಕವಾಗಿ ವರ್ಷಗಳಾದವು,
ಆದರೂ ಕೇಳಿಸಿತೆಂಬಂತೆ ತಲೆಯಾಡಿಸಿ
ಎರಡು ಬನ್ನು ಕಟ್ಟಿಸಿಕೊಂಡು ಹೊರಟರು.

ಹ್ಯಾಕ್ಸಾ ಮೊಳೆಯಲ್ಲಿ ನೇತಾಡುತ್ತಿದೆ.
ನನಗೂ ತಾಗುತ್ತದೆ, ನಿಜ.
ಇವತ್ತು ಬೆಳಿಗ್ಗೆ ಗೀರಿದ್ದು ಇನ್ನೂ ಉರಿಯುತ್ತಿದೆ.
ಬ್ಲೇಡು ಮೊಂಡಾಗಿದೆ, ಹೊಸದು ತರಬೇಕು
ಅಂದುಕೊಳ್ಳುತ್ತಲೇ ಮೂರು ಸಲ
ಹಾರ್ಡ್‌ವೇರ್ ಅಂಗಡಿ ದಾಟಿ ಬಂದೆ.