ಸರ್ವಾನುಮತದ ಸೀಲು

ಹನ್ನೊಂದು ವರ್ಷದಿಂದ ನಡಾವಳಿ ಬರೆಯುತ್ತಿದ್ದೇನೆ ನಾನು,
ಹಾಸನದ ಬಿತ್ತನೆ ಆಲೂಗಡ್ಡೆ ಕಂಪನಿಯ ಮಹಡಿಯ ಮೇಲೆ.
ಏಳು ಕುರ್ಚಿ, ಒಂದು ಉದ್ದ ಮೇಜು,
ಕಾಲಡಿಯಲ್ಲಿ ಸದಾ ಗುಂಯ್‌ಗುಡುವ ನೆಲ,
ಕೆಳಗೆ ಶೈತ್ಯಾಗಾರದ ಯಂತ್ರ.

ಮೊದಮೊದಲು ಕೈಯಲ್ಲೇ ಬರೆಯುತ್ತಿದ್ದೆ
"ಸರ್ವಾನುಮತದಿಂದ ಅಂಗೀಕರಿಸಲಾಯಿತು."
ಬೆರಳು ನೋಯಿತು.
ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ ಎಂಬತ್ತು ರೂಪಾಯಿಗೆ
ಅವೆರಡೇ ಪದದ ಸೀಲು ಮಾಡಿಸಿಕೊಂಡೆ.
ಬೋಂಡ ಬರುವುದರೊಳಗೆ ಹದಿನಾಲ್ಕು ವಿಷಯ ಮುಗಿಯುತ್ತಿತ್ತು.

ಯಾರೂ ಕೆಟ್ಟವರಲ್ಲ ಮತ್ತೆ.
ಜವರಪ್ಪನವರು ಅಧ್ಯಕ್ಷರ ಮುಖ ನೋಡುತ್ತಿದ್ದರು,
ಉಳಿದವರು ಜವರಪ್ಪನವರ ಕೈ.
ಕಡತ ಮಾತ್ರ, ಕಟ್ಟಿದ ದಾರ ಬಿಚ್ಚದೆ
ಬಂದ ಹಾಗೇ ಕೆಳಗಿಳಿಯುತ್ತಿತ್ತು.

ಹೋದ ಮಾಘದಲ್ಲಿ ಧರಣೇಂದ್ರಯ್ಯನವರು ಸೇರಿದರು,
ಅರಸೀಕೆರೆ ಜಂಕ್ಷನ್ನಿನಲ್ಲಿ ಸಿಗ್ನಲ್ ನೋಡಿಕೊಂಡಿದ್ದವರು.
ಸಭೆಗೆ ಒಂದು ಗಂಟೆ ಮುಂಚೆ ಬಂದು
ನನ್ನ ಹತ್ತಿರ ಬೀಗದಕೈ ಕೇಳಿದರು.
ಮೂರನೇ ಕೋಣೆಯ ಹೊರಗೋಡೆಗೆ,
ಜ್ವರದ ಮಗುವಿನ ಹಣೆ ಮುಟ್ಟುವ ಹಾಗೆ,
ಅಂಗೈಯಿಟ್ಟು ನಿಂತರು.
ಗೋಡೆ ಬೆವರುತ್ತಿತ್ತು.

ವಿಷಯ ಆರು: ಹೊಸ ಕಂಪ್ರೆಸರ್, ಮೂವತ್ತೆಂಟು ಲಕ್ಷ.
ಸೀಲಿಗೆ ಮಸಿ ಹಚ್ಚಿ ಕೂತಿದ್ದೆ.
"ತಪ್ಪು ತಿಳೀಬೇಡಿ," ಅಂದರು ಅವರು,
"ಕೆಟ್ಟಿರೋದು ಯಂತ್ರವೋ, ಗೋಡೆಯೋ?"

ಬೋಂಡ ಆರಿತು.
ಆರು ವರ್ಷ ಬರೀ ಸಹಿ ಹಾಕಿದ್ದ ಲಕ್ಕಮ್ಮ
ಸೆರಗು ಸರಿಮಾಡಿಕೊಂಡು, ಮೇಜಿಗೆ ಹೇಳುವಂತೆ:
"ನನ್ನ ಇನ್ನೂರು ಮೂಟೆ ಮೊಳಕೆ ಒಡೆದದ್ದು ಅದೇ ಕೋಣೇಲಿ.
ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ."

ಅಧ್ಯಕ್ಷ ಸಿಂಗ್ರಿಗೌಡರು ಕನ್ನಡಕ ತೆಗೆದು ಒರೆಸಿದರು,
ಒರೆಸಿದ್ದನ್ನೇ ಒರೆಸಿದರು.
"ಆ ಕೊಟೇಶನ್ ನನ್ನ ಷಡ್ಡಕನದು.
ಮೊದಲೇ ಹೇಳಬೇಕಿತ್ತು ನಾನು."
ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ನಿಂತರು.
ಗಾಜಿನಾಚೆ ಅವರ ಬೆನ್ನು.

ಎರಡು ಗಂಟೆ ಜಗಳ.
ಜವರಪ್ಪನವರು ಮೇಜು ಗುದ್ದಿದರು,
ಆಮೇಲೆ ನನ್ನ ಪೆನ್ಸಿಲ್ ಇಸಿದುಕೊಂಡು ಲೆಕ್ಕ ಹಾಕಿದರು,
ತಪ್ಪಾಯಿತು, ಮತ್ತೆ ಹಾಕಿದರು.
ನಡಾವಳಿಯಲ್ಲಿ ಇದಕ್ಕೆಲ್ಲ ಕಾಲಮ್ಮಿಲ್ಲ,
ಮೆಟ್ಟಿಲ ಮೇಲೆ ನಿಂತವರಿಗಂತೂ ಇಲ್ಲವೇ ಇಲ್ಲ.

ಬರೆದೆ: ವಿಷಯ ಆರು ಮುಂದೂಡಲಾಗಿದೆ.
ಗೋಡೆ ಒಡೆದು ನೋಡತಕ್ಕದ್ದು.
ವಿರೋಧ: ಒಬ್ಬರು, ಶ್ರೀ ಜವರಪ್ಪ.
ಆ ಹೆಸರನ್ನು ದುಂಡಗೆ, ನಿಧಾನವಾಗಿ ಬರೆದೆ.
ಒಳಗೆ ಬಂದ ಅಧ್ಯಕ್ಷರು ಓದಿದರು, ಎರಡು ಸಲ,
ಸಹಿ ಹಾಕಿ ಕೇಳಿದರು,
"ಬೋಂಡ ಏನಾದ್ರೂ ಉಳಿದಿದೆಯೇನಮ್ಮ?"

ಸೀಲು ಈಗ ಡ್ರಾಯರಿನಲ್ಲಿದೆ,
ಪ್ಯಾಡಿನ ಮಸಿ ಒಣಗಿ ಬಿರುಕು ಬಿಟ್ಟಿದೆ.
ಬೆರಳು ಮತ್ತೆ
ನೋಯಲು ಶುರುವಾಗಿದೆ.