ಡೋಲಿನ ಹುಡುಗ

ಡಂಡೀಯ ಸಂತೆಯಲ್ಲಿ ನನ್ನ ಕೆಲಸ ಡೋಲು.
ಲಾಕಿ ಇಕ್ಕಳ ಹಾಕಿದ ಕೂಡಲೆ ಬಾರಿಸಬೇಕು,
ಕೂತವನ ಕೂಗು
ಸಾಲಿನಲ್ಲಿ ನಿಂತವನ ಕಿವಿ ಮುಟ್ಟಬಾರದು.
ನೋವಿಲ್ಲ, ನೋವಿಲ್ಲ ಎಂದು ಅವನು ಸಾರುವಾಗ
ಆ ಸುಳ್ಳಿಗೆ ತಾಳ ಹಾಕಿದವನು ನಾನು,
ಹತ್ತು ವರ್ಷದವ.

ಆಮೇಲೆ ಊರಿಗೆ ಬಂದರು ಯೂಫೀಮಿಯಾ ರಟ್ರೇ,
ನಾಲ್ಕು ವರ್ಷ ಓದಿ, ಸತ್ತವರ ದವಡೆ ಬಿಡಿಸಿ,
ಒಂದೊಂದು ನರದ ಹೆಸರೂ ಬಾಯಿಪಾಠ.
ಸೆಣಬಿನ ಗಿರಣಿಯ ಎದುರು, ಎರಡನೇ ಮಹಡಿ,
ಕಣ್ಣು ಕುಕ್ಕದ ಬೆಳಕಿಗೆಂದು ಉತ್ತರದ ಕಿಟಕಿ.
ನನ್ನನ್ನು ಕರೆದು ಕೇಳಿದ್ದು ಒಂದೇ:
"ಕಾಲಿಗೂ ತಾಳ ಗೊತ್ತೇ?"
ಅಂದಿನಿಂದ ಕೊರೆಯುವ ಯಂತ್ರದ ತುಳಿಮಣೆ ನನ್ನದು.
ಜೋರಾದರೆ ಹುಬ್ಬೆತ್ತುವರು.
ಇಲ್ಲಿ ಕೂಗು ಕೇಳಿಸಬೇಕು,
ಕೇಳಿಸಿದ ಕೂಡಲೆ ಕಾಲು ನಿಲ್ಲಬೇಕು.

ಲಂಡನ್ನಿನಲ್ಲಿ ಒಂದು ದೊಡ್ಡ ಪುಸ್ತಕವಿತ್ತಂತೆ,
ಅದರಲ್ಲಿ ಹೆಸರಿದ್ದವರೇ ದಂತವೈದ್ಯರು.
ಲಾಕಿ ಎರಡು ಪೌಂಡು ಕಟ್ಟಿ ಒಳಗೆ ಹೋದ,
ಮೊದಲಿಂದ ಮಾಡಿಕೊಂಡು ಬಂದವನೆಂದು.
ಇವರ ಅರ್ಜಿ ಮೂರು ಸಲ ತಿರುಗಿ ಬಂತು,
ಒಂದು ಸಲ "ಶ್ರೀಮಾನ್ ರಟ್ರೇ" ಎಂಬ ವಿಳಾಸಕ್ಕೆ.
ಹೇಗೆ ಹಲ್ಲು ಕಚ್ಚಿ ಸಹಿಸುತ್ತೀರಿ, ಅಂದೆ.
"ಕಚ್ಚಬಾರದು ಮಾರಾಯ, ಸವೆಯುತ್ತವೆ."

ಮಾರ್ಚಿಯ ಒಂದು ಸಂಜೆ ನೆಟ್ಟಿ ಡಫಸ್ ಬಂದಳು,
ಮಗ್ಗದವಳು, ಹತ್ತೊಂಬತ್ತು.
ಜೊತೆಗೆ ಅಪ್ಪ, ಮುಷ್ಟಿಯಲ್ಲಿ ನಾಣ್ಯ.
ಶನಿವಾರ ಮದುವೆ. ಎಲ್ಲ ಕಿತ್ತುಬಿಡಿ, ಅಂದ,
ಇಪ್ಪತ್ತೆಂಟನ್ನೂ.
ಮುಂದೆ ಗಂಡನ ಮನೆಗೆ ಖರ್ಚು ಬರಬಾರದು;
ತವರಿನ ಉಡುಗೊರೆ ಇದು.
ಅವಳು ಬಾಯಿ ತೆರೆದಳು.
ದೀಪ ಹಿಡಿದಿದ್ದ ನಾನೂ ನೋಡಿದೆ:
ತೂತಿದ್ದದ್ದು ಒಂದು. ಉಳಿದವೆಲ್ಲ
ಆಗ ತಾನೇ ಸುಲಿದ ಹೇಜಲ್ ಕಾಯಿಯ ತಿರುಳು.

"ಒಂದಕ್ಕೆ ಬೆಳ್ಳಿ ತುಂಬುತ್ತೇನೆ. ಮಿಕ್ಕವು ಅವಳವು."
ಅಪ್ಪ ನಾಣ್ಯ ಎತ್ತಿಕೊಂಡ.
ಅದೇ ಬೀದಿಯಲ್ಲಿ ಲಾಕಿಯ ಹಿತ್ತಾಳೆ ಫಲಕ
ಇವರದಕ್ಕಿಂತ ಒಂದು ಗೇಣು ದೊಡ್ಡದು.
ಮೆಟ್ಟಿಲಿಳಿಯುವಾಗ ನೆಟ್ಟಿ ತಿರುಗಿ ನೋಡಿದಳು,
ನಾಲಿಗೆಯಿಂದ ಒಂದೊಂದನ್ನೇ ಮುಟ್ಟಿಕೊಳ್ಳುತ್ತಾ.

ಆ ರಾತ್ರಿ ರಟ್ರೇ ನಾಲ್ಕನೇ ಅರ್ಜಿಗೆ ಕೂತರು,
ಕಿಟಕಿ ಮುಚ್ಚಲು ಬಿಡಲಿಲ್ಲ.
ಫಲಕ ಬಂದರೂ ಲಾಕಿ ಡೋಲು ಬಿಟ್ಟಿರಲಿಲ್ಲ.
ಹೊಸ ಹುಡುಗ ಯಾರೋ, ಎಳೆಯ ಕೈ,
ತಾಳ ತಪ್ಪುತ್ತಿತ್ತು.
ತಪ್ಪಿದಲ್ಲೆಲ್ಲ ಅವಳು ಕೇಳಿಸಿದಳು.
ಅಲ್ಲಲ್ಲೇ ಲೇಖನಿ ನಿಂತು
ಕಾಗದದ ಮೇಲೆ ಶಾಯಿ ಹರಡಿತು.