ಎರಡು ಬೇ

"ಅಕ್ಕಾ, ಒಂದು ಬೇನಾ, ಎರಡು ಬೇನಾ?"
ಇರ್ಷಾದ್ ಕೇಳಿ ಸುಮ್ಮನಾದ.
ನಾನು ಉಳಿದರ್ಧಕ್ಕೆ ಕಾದೆ:
ಬೇಕು ಅನ್ನುತ್ತಾನೋ, ಬೇಡ ಅನ್ನುತ್ತಾನೋ.
ಮಾತು ಅಷ್ಟೇ ಇತ್ತು.
ಬೇ ಅಂದರೆ ಗೂಡಂತೆ, ಡಿಸ್ಕು ಕೂರುವ ಗೂಡು.

ನೆಹರೂ ರಸ್ತೆ, ಮೊದಲ ಮಹಡಿ, ಮೇ ತಿಂಗಳ ಮಧ್ಯಾಹ್ನ.
ಹೆಗಲಿಗೆ ಪಿಗ್ಮಿ ಚೀಲ,
ಇನ್ನೂ ಹನ್ನೊಂದು ಅಂಗಡಿ ಬಾಕಿ.
ಇಪ್ಪತ್ತು, ಐವತ್ತು, ನೂರು,
ಶಿವಮೊಗ್ಗದ ಚಿಲ್ಲರೆ ಕೂಡಿಡುವವಳು ನಾನು.
ನನ್ನ ಫೋನಿನದು ಮಾತ್ರ ವಾರದಿಂದ ಒಂದೇ ರಾಗ:
ಜಾಗ ಇಲ್ಲ, ಜಾಗ ಇಲ್ಲ.

ಮನೆಯಲ್ಲಿ ನಾಲ್ಕು ಫೋನು, ನಾಲ್ಕೂ ಬಿರಿಯುವಷ್ಟು ತುಂಬಿವೆ.
ಅತ್ತೆಯದರಲ್ಲಿ ಶುಭೋದಯದ ಗುಲಾಬಿ,
ಇವರದರಲ್ಲಿ ಬಸ್ಸಿನ ಗೇರ್‌ಬಾಕ್ಸು,
ಯಾವ ಕಡೆಯಿಂದ ನೋಡಿದರೂ ಗೇರ್‌ಬಾಕ್ಸೇ.
ನನ್ನದರಲ್ಲಿ ಧಾತ್ರಿ.
ಮೂರನೇ ವಯಸ್ಸಿಗೆ ಕಿವಿಯ ಹಿಂದೆ ಯಂತ್ರ ಕೂತ ಮೇಲೆ
ಅವಳು ಮಾತು ಕಲಿತ ಒಂದೊಂದು ದಿನ.
"ದಿನಾ ಒಂದು ವಿಡಿಯೋ ತೆಗೆದಿಡಿ, ಹೋಲಿಸೋಕೆ ಬೇಕಾಗುತ್ತೆ"
ಅಂದಿದ್ದರು ಟೀಚರು. ತೆಗೆದಿಟ್ಟೆ.
ನನಗೆ ಗೊತ್ತಿದ್ದ ಕಸುಬು ಅದೊಂದೇ,
ದಿನದಿನ ಒಂದಿಷ್ಟು ತುಂಬುವುದು.

"ಕ್ಲೌಡಲ್ಲಿಡಿ ಮೇಡಂ, ತಿಂಗಳಿಗೆ ನೂರಾ ಮೂವತ್ತು"
ಅಂದಿದ್ದ ನಮ್ಮ ಬ್ಯಾಂಕಿನ ಹುಡುಗ.
ಕಂತು ತಪ್ಪಿದ ಖಾತೆಗಳ ಗತಿ
ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಗಾಜಿನೊಳಗಿನ ನಾಲ್ಕು ಗೂಡಿನದಕ್ಕೆ ನಲವತ್ತು ಸಾವಿರ.
"ಅದು ಕಲ್ಯಾಣಮಂಟಪ ಅಕ್ಕಾ, ನಿಮಗೆ ಎರಡು ರೂಮು ಸಾಕು"
ಅಂತ ಮೇಜಿನಡಿಯಿಂದ ಎಳೆದ
ದುರ್ಗಿಗುಡಿಯ ಎಕ್ಸರೇ ಸೆಂಟರಿನವರು ಮಾರಿದ ಹಳೇ ಡಬ್ಬಿ,
ಮೂಲೆಯಲ್ಲೊಂದು ಚಕ್ಕೆ ಎದ್ದದ್ದು.
"ಪಾತ್ರೆ ಹಳೇದಿರಲಿ, ಹೆಪ್ಪು ಹೊಸದಿರಲಿ.
ಡಿಸ್ಕು ಮಾತ್ರ ಸೀಲು ಒಡೆಯದ್ದೇ ಹಾಕಿ.
ಎರಡರಲ್ಲೂ ಅದದೇ ಬರೀತದೆ, ಒಂದು ಸತ್ತರೆ ಇನ್ನೊಂದು."
"ರಸೀದಿ ಪುಸ್ತಕದ ಕಾರ್ಬನ್ ಥರವಾ?"
"ಹಂಗೇ. ಆದರೆ ಒಂದರಲ್ಲಿ ಅಳಿಸಿದರೆ
ಇನ್ನೊಂದರಲ್ಲೂ ಅಳಿದುಹೋಗ್ತದೆ."
ಅಂಥ ಕಾರ್ಬನ್ ನಾನು ಕಂಡಿರಲಿಲ್ಲ.
ಹದಿನಾರೂವರೆ ಹೇಳಿದ. ಹದಿನೈದು ಒಂಬೈನೂರಕ್ಕೆ ಇಳಿದ.

ಫ್ರಿಜ್ಜಿನ ಮೇಲೆ, ರೂಟರಿನ ಪಕ್ಕ, ಎರಡು ಹಸಿರು ಚುಕ್ಕಿ.
ಹೊಂದಿಸಿದ್ದೆಲ್ಲ ಧಾತ್ರಿಯೇ. ಈಗ ಹನ್ನೊಂದು ಅವಳಿಗೆ,
ಮಾತು ಎಷ್ಟು ಜೋರೆಂದರೆ ಅವಳಪ್ಪನ ಬಸ್ಸೇ ಹಿಂದೆ.
ಮೂರು ರಾತ್ರಿ ತುಂಬಿಕೊಂಡಿತು ಡಬ್ಬಿ.
ನಾಲ್ಕನೆಯ ರಾತ್ರಿ ಅವಳು ತೆರೆದು ನೋಡಿದಳು.

"ಇದನ್ನೆಲ್ಲ ಯಾಕಿಟ್ಕೊಂಡಿದೀಯಾ? ನನ್ನ ಕೇಳಿದ್ಯಾ?"

ಆಗ ನಿನಗೆಲ್ಲಿ ಕೇಳುತ್ತಿತ್ತು ಮಗಳೇ
ಎಂದು ತುಟಿಯವರೆಗೆ ಬಂದದ್ದನ್ನು
ನೀರು ಕುಡಿದು ಒಳಗಿಳಿಸಿದೆ.

ಬೆಳಿಗ್ಗೆ ಎಣಿಸಿದೆ, ಎಣಿಸುವುದು ಅಭ್ಯಾಸ.
ಸಾವಿರದ ನಾನೂರು ಇದ್ದದ್ದು ಒಂಬೈನೂರ ಎಂಟು.
ಎರಡೂ ಚುಕ್ಕಿ ಹಸಿರೇ. ಡಬ್ಬಿಗೆ ಯಾವ ತಕರಾರೂ ಇಲ್ಲ.
ಹೋದವು ಅವಳು ಅತ್ತವೋ,
ಪರದೆಯ ಹಿಂದಿನಿಂದ ನಾನು
"ಇನ್ನೊಂದ್ಸಲ ಹೇಳು, ಇನ್ನೊಂದ್ಸಲ" ಎಂದು ಗದರಿದವೋ,
ನೆನಪಿಲ್ಲ.
ನೆನಪಿಡುವ ಕೆಲಸ ಬೇಡವೆಂದೇ ಅಲ್ಲವೇ
ಅಲ್ಲಿಟ್ಟದ್ದು.

ಒಂದಕ್ಕೆ ಮಾತ್ರ ಹೆಸರು ಬದಲಾಗಿತ್ತು:
ಅಮ್ಮಂದು, ಇರಲಿ.
ಹದಿನಾಲ್ಕು ಸೆಕೆಂಡು. ಕೈಯಲ್ಲಿ ಸಿಪ್ಪೆ ಸುಲಿದ ಹಣ್ಣು.
"ಬಾಯೆಹಣ್ಣು" ಅನ್ನುತ್ತಾಳೆ,
ಳ ಇನ್ನೂ ಊರಿಗೆ ಬಂದಿರಲಿಲ್ಲ.
ಯಾರೂ ತಿದ್ದುವುದಿಲ್ಲ. ಯಾರೋ ನಗುತ್ತಾರೆ.
ನಾನೇ ಇರಬೇಕು.

ಇರ್ಷಾದನ ಅಂಗಡಿ ಈಗ ನನ್ನ ಪಟ್ಟಿಯಲ್ಲಿದೆ, ದಿನಕ್ಕೆ ಐವತ್ತು.
"ಡಬ್ಬಿ ಹೆಂಗಿದೆ ಅಕ್ಕಾ?"
"ಎರಡೂ ಹಸಿರು" ಅಂದೆ,
ಚೀಟಿ ಹರಿದು ಅವನ ಕೈಗಿತ್ತೆ.